ಬೂದೆಪ್ಪನ ಸೆಕ್ಷನ್ನಿನ ಸರಾಸರಿ

ಬೂದೆಪ್ಪ ನಮ್ಮ ಬೇಗಂಪೇಟೆಯ ಡಿಗ್ರಿ ಕಾಲೇಜಿನಲ್ಲಿ ಹನ್ನೊಂದು ವರ್ಷ ಸಂಖ್ಯಾಶಾಸ್ತ್ರ ಕಲಿಸಿದ. ನಾನೂ ಅದನ್ನೇ ಕಲಿಸುತ್ತೇನೆ ಅಂತ ಸಂಬಳದ ಚೀಟಿಯಲ್ಲಿ ಬರೆದಿದೆ. ನನಗೆ ಎ ಸೆಕ್ಷನ್, ಅವನಿಗೆ ಬಿ.

ನನ್ನ ಪದ್ಧತಿ ಸುಲಭ. ವ್ಯಾಖ್ಯೆ ಹೇಳಿ ಬರೆಸುವುದು, ಸೂತ್ರದ ಸುತ್ತ ಚೌಕ ಹಾಕಿಸುವುದು, ‘ಇದು ಪರೀಕ್ಷೆಗೆ ಗ್ಯಾರಂಟಿ’ ಎನ್ನುವುದು. ಯಾದಗಿರಿ ಕಡೆಯ ಬೂದೆಪ್ಪ ಹಾಗಲ್ಲ. ವಿದ್ಯಾರ್ಥಿಗಳನ್ನು ಅಮೀರ್‌ಪೇಟ್ ಮೆಟ್ರೊ ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ, ಹಾಸ್ಟೆಲಿನಿಂದ ಕೋಚಿಂಗಿಗೆ ನಡೆಯಲು ಎಷ್ಟು ನಿಮಿಷ ಅಂತ ಒಬ್ಬೊಬ್ಬರೂ ಹತ್ತು ಜನರನ್ನು ಕೇಳಿ ಬರಲು ಹೇಳುತ್ತಿದ್ದ. ಮರುದಿನ ಪ್ರತಿಯೊಬ್ಬರ ಸರಾಸರಿಗೂ ಬೋರ್ಡಿನ ಮೇಲೆ ಒಂದು ಚುಕ್ಕೆ. ಎರಡು ನಿಮಿಷದವರೂ ನಲವತ್ತರವರೂ ಸಿಕ್ಕಿದ್ದರು. ಚುಕ್ಕೆಗಳು ಮಾತ್ರ ಹದಿನಾಲ್ಕರ ಸುತ್ತ ಗುಂಪುಗೂಡಿದ್ದವು. ಅವರೇ ‘ಯಾಕೆ ಸಾರ್’ ಅಂದ ಮೇಲಷ್ಟೇ ಸೂತ್ರ. ನನ್ನ ಕ್ಲಾಸಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕೇಳಿಬಂದಿರುವ ಪ್ರಶ್ನೆ ಒಂದೇ: ಅಟೆಂಡೆನ್ಸ್ ಆಯಿತಾ?

ಹೋದ ವರ್ಷ ನನ್ನ ಎಂಟು ಮಂದಿ ಮೊದಲ ಟೆಸ್ಟಿನಲ್ಲಿ ಒಂದಂಕಿ ದಾಟಲಿಲ್ಲ. ಅವರನ್ನು ಬೂದೆಪ್ಪನ ಸೆಕ್ಷನ್ನಿಗೆ ಸಾಗಹಾಕಿದೆ. ಅವನಿಗೆ ತಾಳ್ಮೆ ಜಾಸ್ತಿ ಎಂದು ಹೊಗಳಿಯೇ ಕೊಟ್ಟೆ. ಬರಲಿ ಬಿಡ್ರಿ ಅಂದ.

ವರ್ಷದ ಕೊನೆಗೆ ಪ್ರಿನ್ಸಿಪಾಲ್ ಮೇಡಂ, ಯಾರ ಪದ್ಧತಿ ಚೆನ್ನ ಎಂದು ವರದಿ ಕೊಡಲು ಹಿರಿಯನಾದ ನನಗೇ ಹೇಳಿದರು. ಬೂದೆಪ್ಪನದು ಗುತ್ತಿಗೆ ನೌಕರಿ; ಅದು ಮುಂದುವರಿಯುವುದೂ ಆ ವರದಿಯ ಮೇಲೆಯೇ. ಎ ಸರಾಸರಿ ಅರವತ್ತೆರಡು, ಬಿ ಅರವತ್ತು ಎಂದು ಬರೆದೆ. ಎಂಟು ಮಂದಿಯ ಸುದ್ದಿ ಬರೆಯಲಿಲ್ಲ. ಮರೆತೆ ಎಂದು ಹೆಂಡತಿ ಪ್ರೇಮಾಗೆ ಹೇಳಿದೆ. ಇಂಥದ್ದನ್ನು ಮರೆತ ವಿದ್ಯಾರ್ಥಿಗೆ ನಾನೇ ಸೊನ್ನೆ ಹಾಕುತ್ತೇನೆ.

ಬೂದೆಪ್ಪ ಸ್ಟಾಫ್ ರೂಮಿನಲ್ಲಿ ವರದಿ ಓದಿದ. ಜಗಳವಾಡಿದ್ದರೆ ನನಗೆ ಉಪಕಾರವಾಗುತ್ತಿತ್ತು.

“ಲೆಕ್ಕ ಬರೋಬ್ಬರಿ ಐತ್ರಿ,” ಅಂದ. “ಆದ್ರ ನಿಮ್ಮ ಎಂಟೂ ಮಂದಿ ಪಾಸಾಗ್ಯಾರಲ್ರಿ. ಅದಕ್ಕೊಂದು ಕಾಲಂ ಹಾಕಬೇಕಿತ್ತು.”

ಮರುದಿನ ಹೊಸ ಕೋಷ್ಟಕ ಹಿಡಿದು ಮೇಡಂ ಹತ್ತಿರ ಹೋದೆ. ಆ ಎಂಟನ್ನು ಬದಿಗಿಟ್ಟರೆ ಬಿ ಸರಾಸರಿ ಅರವತ್ತನಾಲ್ಕು.

“ಹಾಗಾದರೆ ಮೊದಲ ವರದಿ ತಪ್ಪೇ?” ಎಂದರು.

ಹೌದು ಎನ್ನುವುದಕ್ಕೆ ಒಂದು ಉಸಿರು ಸಾಕಿತ್ತು. “ತಪ್ಪಲ್ಲ ಮೇಡಂ, ಇದು ಹೆಚ್ಚುವರಿ ಮಾಹಿತಿ,” ಎಂದೆ. ಅವರು ಅದನ್ನು ಹೆಚ್ಚುವರಿ ಕಾಗದಗಳ ಕಟ್ಟಿಗೆ ಸೇರಿಸಿದರು.

ಜೂನಿನಲ್ಲಿ ಬೂದೆಪ್ಪ ಬರಲಿಲ್ಲ. ನಾಂಪಲ್ಲಿಯಲ್ಲಿ ಯಾವುದೋ ಟ್ಯುಟೋರಿಯಲ್ ಸೇರಿದ್ದಾನಂತೆ. ಈಗ ಎರಡೂ ಸೆಕ್ಷನ್ ನನ್ನವೇ. ಆ ಎಂಟರಲ್ಲೊಬ್ಬಳಾದ ಲಹರಿ, ಬೂದೆಪ್ಪ ಸಾರ್ ಯಾಕೆ ಬಿಟ್ಟರು ಅಂತ ಕೇಳಿದಳು. ಬೇರೆ ಕಡೆ ಒಳ್ಳೆಯದು ಸಿಕ್ಕಿತಮ್ಮ ಎಂದೆ. ಪಾಸಾದದ್ದನ್ನು ಹೇಳಬೇಕು ಅಂತ ಅವರ ನಂಬರ್ ತೆಗೆದುಕೊಂಡಳು. ಇವಳು ಕೇಳಿದರೂ ಅವನು ನಿಜ ಹೇಳುವುದಿಲ್ಲ, ಅದು ನನಗೆ ಗೊತ್ತು. ನಿದ್ದೆ ಕೆಡಿಸುತ್ತಿರುವುದೂ ಅದೇ.