ಒಗೆಯಬಾರದ ಜೆರ್ಸಿ

ಮೊನ್ನೆ ಇಸ್ತ್ರಿ ಅಂಗಡಿಯ ಮುಂದೆ ನಿಂತಿದ್ದೆ. ಗಂಜಿ ಹಾಕಿದ ಬಟ್ಟೆಗೆ ಬಿಸಿ ತಾಗಿದ ವಾಸನೆ ಬಂತು ನೋಡಿ, ಎರಡು ಹೆಜ್ಜೆ ಹಿಂದೆ ಸರಿದೆ. ನಿಮಗೆ ಅದು ಹಬ್ಬದ ವಾಸನೆ ಇರಬಹುದು. ನನಗಲ್ಲ.

ತೊಂಬತ್ತರ ದಶಕದಲ್ಲಿ ಸೇಲಂನ ನಮ್ಮ ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆಯಿತ್ತು. ಅದರ ತುಂಬ ಅಣ್ಣ ಕೂಡಿಟ್ಟ ಬ್ಯಾಸ್ಕೆಟ್‌ಬಾಲ್ ಜೆರ್ಸಿಗಳು. ಆಡುವುದಕ್ಕೇ ಸಂಬಳ ತೆಗೆದುಕೊಳ್ಳುವ ಆಟಗಾರರು ಪಂದ್ಯದಲ್ಲಿ ತೊಟ್ಟು ಬಿಚ್ಚಿದವು. ಕೆಲವಂತೂ ನಾವು ಹುಟ್ಟುವ ಮೊದಲಿನವು. ಹೊಸದು ಕೊಟ್ಟರೆ ಅಣ್ಣ ಮುಟ್ಟುತ್ತಿರಲಿಲ್ಲ. ಕಂಕುಳಲ್ಲಿ ಉಪ್ಪಿನ ಗೆರೆ ಇರಬೇಕು, ಹರಿದಲ್ಲಿ ಅವಸರದ ಹೊಲಿಗೆ ಇರಬೇಕು. "ಬೆವರಿಲ್ದಿದ್ರೆ ಅದು ಬರೀ ಬಟ್ಟೆ ಕಣ್ಲಾ" ಅನ್ನುತ್ತಿದ್ದ. ಅವ್ವ ಮೂಗು ಮುಚ್ಚಿಕೊಂಡು, "ಊರೋರ ಕೊಳೇನೆಲ್ಲ ಮನೇಗ್ ತಂದವ್ನೆ" ಎಂದು ಬೈಯುವಳು. ನಾನು ಅದನ್ನು ನಾತದ ಪೆಟ್ಟಿಗೆ ಅಂತಲೇ ಕರೆಯುತ್ತಿದ್ದೆ, ನನ್ನ ಬಾಯಿಗೆ ಮಣ್ಣು ಹಾಕ.

ಅದರಲ್ಲಿ ಒಂಬತ್ತನೇ ನಂಬರಿನದು ಮಾದೇಶನದು. ಕೊಳತ್ತೂರಿನವನು, ಅಣ್ಣನ ಜೀವದ ಗೆಳೆಯ, ಒಂದು ಬ್ಯಾಂಕಿನ ತಂಡಕ್ಕೆ ಆಡುತ್ತಿದ್ದ. ನಮ್ಮ ಮನೆಗೆ ಬಂದಾಗಲೆಲ್ಲ ತಲೆ ತಗ್ಗಿಸಲು ಮರೆತು ಬಾಗಿಲಿಗೆ ಹೊಡೆಸಿಕೊಂಡು, ತಾನೇ ಮೊದಲು ನಗುವನು. ಫೈನಲ್ ಗೆದ್ದ ದಿನ ಜೆರ್ಸಿ ಬಿಚ್ಚಿ ಅಣ್ಣನ ಹೆಗಲಿಗೆ ಹಾಕಿದ. ಆರು ತಿಂಗಳಿಗೆ ಮೆಟ್ಟೂರು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ. ಹನ್ನೊಂದನೇ ದಿನ ಅವನ ತಾಯಿ, ಪದ್ಧತಿಯಂತೆ, ಅವನ ಬಟ್ಟೆಯನ್ನೆಲ್ಲ ಕಾವೇರಿಗೆ ಬಿಟ್ಟರು. ಒಂದು ಜೆರ್ಸಿ ಒಗೆಯದೆ ಇಟ್ಟಿದ್ದೇನೆ, ಯಾವಾಗ ಬೇಕಾದರೂ ಬನ್ನಿ ಎಂದು ಅಣ್ಣ ಆಕೆಗೆ ಹೇಳಿ ಬಂದಿದ್ದ.

ಆಮೇಲೆ ನಮ್ಮಜ್ಜಿ ತೀರಿಕೊಂಡಳು. ಸೂತಕ ಕಳೆಯುವ ದಿನ, ತೊಟ್ಟ ಬಟ್ಟೆ ಮನೆಯಲ್ಲಿ ಒಂದೂ ಉಳಿಯಬಾರದು, ಎಲ್ಲ ಅಗಸನಲ್ಲಿಗೆ ಒಗೆಯಲು ಹೋಗಬೇಕು. ಗಂಟು ಕಟ್ಟುವ ಕೆಲಸ ನನ್ನದು. ಯಾರು ತೊಟ್ಟರೇನು, ತೊಟ್ಟದ್ದೇ ತಾನೆ? ಅಣ್ಣನ ಪೆಟ್ಟಿಗೆಯನ್ನೂ ಬೋರಲು ಹಾಕಿದೆ. ಎಂಥಾ ಮಡಿ ನನ್ನದು! ನಾಲ್ಕು ದಿನಕ್ಕೆ ಎಲ್ಲವೂ ಸೋಡಾದಲ್ಲಿ ಬೆಂದು, ಗಂಜಿ ಕುಡಿದು, ಇಸ್ತ್ರಿಯಾಗಿ ಬಂದವು.

"ಯಾರ್ಲಾ ಇದ್ನ ಒಗ್ಯಾಕ್ ಆಕಿದ್ದು?" ಎಂದ ಅಣ್ಣ, ಒಂಬತ್ತನೇ ನಂಬರಿನದನ್ನು ಕೈಯಲ್ಲಿ ಹಿಡಿದು. ನನ್ನ ಮುಖ ನೋಡಿದ ಅವ್ವ, "ನಾನೇ ಕಣಪ್ಪ" ಅಂದುಬಿಟ್ಟಳು.

ಮರುವಾರವೇ ಮಾದೇಶನ ತಾಯಿ ಕೊಳತ್ತೂರು ಬಸ್ಸಿನಲ್ಲಿ ಬಂದರು. "ಅವನ್ ಬಟ್ಟೆ ಒಂದೂ ಇಟ್ಕೊಳ್ನಿಲ್ಲ ಸಾಮಿ, ಪಾಪಿ ನಾನು. ಒಂದ್ಸಲ ಕೊಡು, ಮೂಸ್ನೋಡಿ ಕೊಟ್ಬುಡ್ತೀನಿ" ಎಂದರು. ಅಣ್ಣ ತಂದುಕೊಟ್ಟ. ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಕುಳಿತಿದ್ದರು. ಆಮೇಲೆ ಇಸ್ತ್ರಿಯ ಗೆರೆ ಕೆಡದಂತೆ ಮಡಿಸಿ, "ಚೆನ್ನಾಗ್ ಒಗ್ದಿದ್ದೀರ" ಎಂದರು. ಕುಹಕವಲ್ಲ, ನಮಗೆ ನೋವಾಗಬಾರದೆಂದು ಆಡಿದ ಮಾತು.

ಅಣ್ಣ ಮತ್ತೆ ಒಂದೂ ಜೆರ್ಸಿ ತರಲಿಲ್ಲ. ಅವ್ವನ ಕೈಯ ಊಟ ಉಂಡ, ಮದ್ದು ತಂದುಕೊಟ್ಟ, ಆದರೆ ಅವಳು ಸಾಯುವವರೆಗೂ ಅವಳೊಂದಿಗೆ ಮೊದಲಿನಂತೆ ಕುಳಿತು ಮಾತಾಡಲಿಲ್ಲ. ನಾನು ಹೇಡಿ, ಎಲ್ಲ ನೋಡಿಕೊಂಡಿದ್ದೆ.

ಮೊನ್ನೆ ಆ ಇಸ್ತ್ರಿ ಅಂಗಡಿಯಿಂದ ನೇರ ಅಣ್ಣನ ಮನೆಗೆ ಹೋದೆ. "ಅವ್ವ ಅಲ್ಲ ಅಣ್ಣ, ನಾನು ಆಕಿದ್ದು" ಎಂದೆ. ಬೈಯಲಿ, ಹೊಡೆಯಲಿ ಎಂದು ಕಾದೆ. ಅಣ್ಣ ಕನ್ನಡಕ ತೆಗೆದು ನನ್ನನ್ನೇ ನೋಡಿದ.

"ಅವ್ವನ್ಗೆ ಈಗ ನಾನೇನಂತ ಯೋಳ್ಲಿ ಲೇ?"