ಹುಳುಮನೆಯ ಬಾಗಿಲು ಮತ್ತು ಒಂದು ಗ್ರೀಕ್ ಪದ

ಬಾಗಿಲು ಬಡಿಯುವ ಸದ್ದು ಕೇಳಿದಾಗ ನನ್ನ ಕೈಯಲ್ಲಿ ಕಾಫಿ ಲೋಟವಿತ್ತು. ಅದನ್ನು ಎಲ್ಲಿಟ್ಟೆ, ಯಾವಾಗ ಇಟ್ಟೆ, ಗೊತ್ತಿಲ್ಲ. ಉಳಿದದ್ದೆಲ್ಲ ಬೇಡವೆಂದರೂ ನೆನಪಾಗುತ್ತದೆ.

ಕಳೆದ ತಿಂಗಳಿನ ಮಾತು. ಮೇಲೂರಿನ ಹತ್ತಿರದ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿಗೆ ಸೊಸೆಯಾಗಿ ಹೋಗಿರುವ ಮಂಜುಳಾ, ಚಿಂತಾಮಣಿಯಲ್ಲಿ ನನ್ನ ಜೊತೆ ಡಿಗ್ರಿ ಓದಿದವಳು. ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಆ ಸಲ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳು ಹಸಿರು ಕಕ್ಕಿಕೊಂಡು ಸತ್ತಿದ್ದವು. ಮಾತಾಡಿಸಿಕೊಂಡು ಬರೋಣ ಅಂತ ಹೋದೆ. (ಬೆಳೆ ಹೋದ ಮನೆಗೆ ಸಾವಿನ ಮನೆಗೆ ಹೋದ ಹಾಗೇ ಹೋಗಬೇಕು. ಹಣ್ಣು, ಸ್ವೀಟು ಒಯ್ಯಬಾರದು.)

ಹುಳು ಸತ್ತಿದ್ದು ಯಾಕೆ ಅನ್ನುವುದು ಗುಟ್ಟೇನಲ್ಲ. ಪಕ್ಕದ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆದಿದ್ದರು. ಗಾಳಿ ಅದನ್ನು ಇವರ ಹಿಪ್ಪುನೇರಳೆ ಸೊಪ್ಪಿನ ಮೇಲೆ ತಂದು ಹಾಕಿತ್ತು. ಮಂಜುಳಾಳ ಗಂಡ ಶ್ರೀನಿವಾಸನೇ ಇದನ್ನು ನನಗೆ ವಿವರಿಸಿದ. ವಿವರಿಸುತ್ತಿರುವಾಗಲೇ ಆ ತೋಟದ ಯಜಮಾನ ಬೈಕಿನಲ್ಲಿ ಹಾದುಹೋದ. ಇವನು ಎದ್ದು ನಿಂತು, "ಬಾಣ್ಣ, ಕಾಫಿ ಕುಡ್ಕೊಂಡು ಹೋಗಿವಂತೆ" ಅಂದ.

ಬೈಕು ಮರೆಯಾದ ಮೇಲೆ ಅವನ ತಾಯಿ ಬೇರೆ ಕಾರಣ ಹೇಳಿದರು. ಈ ಕಡೆ ಹುಳುಮನೆ ಎಂದರೆ ದೇವರ ಮನೆಯಷ್ಟೇ ಮಡಿ. ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಮುಟ್ಟಾದ ಹೆಂಗಸರು ಹೊಸ್ತಿಲು ದಾಟುವಂತಿಲ್ಲ. ಸೊಸೆ ದಾಟಿದ್ದಳಂತೆ. ಬೆಳೆ ಹೋಗದೆ ಇನ್ನೇನಾಗುತ್ತದೆ?

ಮಂಜುಳಾ ಅಂಗಳದಾಚೆ ಖಾಲಿ ಹುಳುಮನೆ ತೊಳೆಯುತ್ತಿದ್ದಳು. ಅಲ್ಲಿಂದಲೇ ಹೇಳಿದಳು: "ಅವತ್ತು ಸೊಪ್ಪು ಹಾಕೋಕೆ ನೀವ್ಯಾರೂ ಇರ್ಲಿಲ್ಲ ಅತ್ತೆ. ಹುಳ ಉಪವಾಸ ಇರ್ಲಿ ಅಂತ ಬಿಡ್ಬೇಕಿತ್ತಾ?"

ಅಷ್ಟೇ. ದನಿ ಕೂಡ ಏರಿರಲಿಲ್ಲ.

ಬೆಳೆ ಮುಗಿದ ಮೇಲೆ ಹುಳುಮನೆಗೆ ಸೋಂಕು ಕಳೆಯುವ ಔಷಧಿ ಹೊಡೆದು, ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ ಬಿಡುತ್ತಾರೆ. ಮೂಗು ಉರಿಸುವ ಔಷಧಿ; ಮನುಷ್ಯರು ಒಳಗಿರುವಂಥದ್ದಲ್ಲ. ಕಿಟಕಿಗಳನ್ನು ಆಗಲೇ ಮುಚ್ಚಿಯಾಗಿತ್ತು. ಬಕೆಟ್ಟಿನಲ್ಲಿ ಔಷಧಿ ಕಲಸಿಟ್ಟಿತ್ತು. ಶ್ರೀನಿವಾಸ ಎದ್ದು ಹೋದ. ಹೊಸ್ತಿಲ ಮೇಲೆ ನಿಂತು ಬಕೆಟ್ಟನ್ನು ಒಳಗೆ ಸುರಿದ. ಬಾಗಿಲೆಳೆದು ಹೊರಗಿನ ಚಿಲಕ ಹಾಕಿದ. "ಹುಳುಮನೆಗೆ ಹೋಗ್ಬೇಕು ಅಂತಿದ್ಯಲ್ಲ, ಇರು ಈಗ ಅಲ್ಲೇ" ಅಂದ.

ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಮೊಬೈಲ್ ನೋಡತೊಡಗಿದ.

ಮೊದಲು ಬಾಗಿಲು ಬಡಿಯುವ ಸದ್ದು. ಆಮೇಲೆ ಬಡಿತ, ಕೆಮ್ಮು ಎರಡೂ. ಆಮೇಲೆ ಬರೀ ಕೆಮ್ಮು. ನಾನು ಎದ್ದೆ. ಅವನ ತಾಯಿ ನನ್ನ ಸೆರಗು ಹಿಡಿದು, "ಕೂತ್ಕೊಳಮ್ಮ, ಕೋಪ ಇಳಿದ್ರೆ ಅವನೇ ತೆಗೀತಾನೆ" ಅಂದರು. ಹಾಲು ಉಕ್ಕಿದರೆ ಒಲೆ ಸಣ್ಣ ಮಾಡು ಅನ್ನುವ ದನಿಯಲ್ಲಿ.

ಅವನನ್ನು ತಳ್ಳಿದೆ. ಚಿಲಕ ಬಿಗಿಯಾಗಿತ್ತು, ಎರಡೂ ಕೈ ಹಾಕಿ ಎಳೆದೆ. ಅವನು ತಡೆಯಲಿಲ್ಲ. ತೆಗೆಯಲೂ ಇಲ್ಲ. "ಸುಮ್ನೆ ಹೆದರ್ಸೋಕೆ ಮೇಡಂ" ಅಂದ.

ಮಂಜುಳಾ ತೆವಳಿಕೊಂಡು ಹೊರಗೆ ಬಂದಳು.

ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಅವಳ ಮುಖಕ್ಕೆ ಮಾಸ್ಕ್ ಹಾಕಿದರು. ಹೇಗಾಯಿತು ಎಂದು ಡಾಕ್ಟರು ಕೇಳಿದಾಗ, ಗಾಳಿಗೆ ಬಾಗಿಲು ಹಾಕಿಕೊಂಡಿತು ಎಂದರು ಅತ್ತೆ. ಮಂಜುಳಾಗೆ ದನಿಯಿಲ್ಲ, ನನ್ನನ್ನೇ ನೋಡಿದಳು. ಗಾಳಿಗೆ ಬಾಗಿಲು ಹಾಕಿಕೊಳ್ಳಬಹುದು, ಚಿಲಕ ಹಾಕಿಕೊಳ್ಳುವುದಿಲ್ಲ, ಹಾಕಿದವನನ್ನು ನಾನು ಕಣ್ಣಾರೆ ಕಂಡೆ ಎಂದೆ.

ಕಾರಿಡಾರಿನಲ್ಲಿ ಅವಳ ತಮ್ಮ ಸಿಕ್ಕ. ಗೌರಿಬಿದನೂರಿನ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಸಿಟ್ಟಿನಲ್ಲಿ ನನ್ನ ಬಾಯಿಂದ ಇಂಗ್ಲಿಷ್ ಬಂತು: ನಿಮ್ಮ ಬಾವ ಮಿಸಾಜಿನಿಸ್ಟ್. ಹಾಗಂದರೇನು ಅಂದ. ಹೆಂಗಸರನ್ನು ದ್ವೇಷಿಸುವವನು ಅಂದೆ.

"ಅಯ್ಯೋ, ಇಲ್ಲಕ್ಕ. ಟ್ರ್ಯಾಕ್ಟರ್ ಮೇಲೆ ಮಗಳ ಹೆಸರೇ ಬರ್ಸಿದಾರೆ. ದಿನಾ ಅಮ್ಮನ ಕಾಲು ಮುಟ್ಟದೆ ಹೊರಗೆ ಹೋಗಲ್ಲ. ಮುಂಗೋಪ, ಅಷ್ಟೇ."

ನನ್ನ ದೊಡ್ಡ ಪದ ಅಲ್ಲೇ ಬಿದ್ದುಹೋಯಿತು.

ಮನೆಗೆ ಬಂದ ಮೇಲೆ ಆ ಪದದ ಬೆನ್ನು ಹತ್ತಿದೆ. (ಬೇರೇನು ಮಾಡಲಿ? ಕಣ್ಣು ಮುಚ್ಚಿದರೆ ಕೆಮ್ಮು ಕೇಳುತ್ತಿತ್ತು.) ಮೂಲ ಗ್ರೀಕ್. ದ್ವೇಷಕ್ಕೊಂದು, ಹೆಣ್ಣಿಗೊಂದು, ಎರಡು ಮಾತು ಕೂಡಿಸಿದ್ದಾರೆ. ಇಂಗ್ಲಿಷಿನವರು ಅದನ್ನೇ ತೆಗೆದುಕೊಂಡರು. ಫ್ರೆಂಚರದು ಮಿಸೋಜಿನ್, ಜರ್ಮನ್ನರದು ಮಿಸೋಗ್ಯೂನ್. ಇಟಲಿ, ಸ್ಪೇನಿನವರೂ ಬಾಲ ಬದಲಿಸಿ ಇಟ್ಟುಕೊಂಡಿದ್ದಾರೆ. ಜರ್ಮನ್ನರು ಪಕ್ಕದಲ್ಲಿ ತಮ್ಮದೇ ಒಂದನ್ನೂ ಮಾಡಿಕೊಂಡಿದ್ದಾರೆ ಅನ್ನಿ. ಆದರೂ ಯುರೋಪಿನ ಅರ್ಧಕ್ಕರ್ಧ ಈ ಮನುಷ್ಯನನ್ನು ಕರೆಯಲು ಗ್ರೀಸಿಗೇ ಹೋಗಬೇಕು. ಅವನೇನು ಗ್ರೀಸಿನಿಂದ ಬಂದವನೇ?

ನಾವೂ ಕಮ್ಮಿಯಿಲ್ಲ. ಸಂಸ್ಕೃತಕ್ಕೆ ಹೋಗಿ 'ಸ್ತ್ರೀದ್ವೇಷಿ' ತಂದಿದ್ದೇವೆ. ಅದನ್ನು ಯಾರಾದರೂ ಜಗಲಿಯ ಮೇಲೆ ಆಡಿದ್ದು ಕೇಳಿದ್ದೀರಾ? ಅದೇ ಹೆಂಗಸಿಗಾದರೆ ನೋಡಿ: ಗಯ್ಯಾಳಿ, ಬಜಾರಿ, ಬಾಯಿಬಡುಕಿ, ಗಂಡುಬೀರಿ, ಮೂದೇವಿ. ಮಕ್ಕಳಿಗೂ ಬಾಯಿಪಾಠ. ಚಿಲಕ ಹಾಕಿದವನಿಗೆ ಮಾತ್ರ ಮುಂಗೋಪಿ ಅನ್ನುವ ಮುದ್ದಿನ ಹೆಸರು.

ಮುಂಗೋಪವಾದರೆ ಎದುರಿಗೆ ಸಿಕ್ಕವರ ಮೇಲೆಲ್ಲ ಬರಬೇಕಲ್ಲವೇ? ಔಷಧಿ ಹೊಡೆದವನಿಗೆ ಕಾಫಿ. ಸೊಪ್ಪು ಹಾಕಿದವಳಿಗೆ ಔಷಧಿ. ವಿಳಾಸ ಇಷ್ಟು ಚೆನ್ನಾಗಿ ಗೊತ್ತಿರುವ ಕೋಪವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಂಜುಳಾ ಈಗ ಮಂಚೇನಹಳ್ಳಿಯ ತವರಿನಲ್ಲಿದ್ದಾಳೆ. ಕಳೆದ ಭಾನುವಾರ ಎರಡೂ ಕಡೆಯ ಹಿರಿಯರು ಕೂತರು. ಕಂಡವಳು ಅಂತ ನನ್ನನ್ನೂ ಕರೆಸಿದ್ದರು. ಅವಳು ವಾಪಸು ಹೋಗಬೇಕೋ, ಪೊಲೀಸರಿಗೆ ಕಂಪ್ಲೇಂಟ್ ಕೊಡಬೇಕೋ, ಅದು ತೀರ್ಮಾನವಾಗಬೇಕಿತ್ತು. ಆಸ್ಪತ್ರೆಯಲ್ಲಿ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದೆ. ಎಲ್ಲರೂ ಸಮಾಧಾನವಾಗಿಯೇ ಕೇಳಿಸಿಕೊಂಡು, ಟೀ ತರಿಸಿದರು.

ಶ್ರೀನಿವಾಸ ಎದ್ದು ಬಂದು ಮಂಜುಳಾಳ ತಂದೆಯ ಕಾಲು ಹಿಡಿದ. "ತಪ್ಪಾಯ್ತು ಮಾವ" ಅಂದ. ಅವಳ ತಮ್ಮನಿಗೂ ಕೈ ಮುಗಿದ. ಹಿರಿಯರ ಮುಖ ಸಡಿಲಾಯಿತು. ಹುಡುಗ ಇಷ್ಟು ತಗ್ಗಿ ನಡೆದ ಮೇಲೆ ಇನ್ನೇನಿದೆ, ಬಟ್ಟೆ ಜೋಡಿಸಿಕೊಳ್ಳಲು ಹೇಳಿ ಎಂದರು ಒಬ್ಬರು.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಂಜುಳಾಳ ದನಿ ಇನ್ನೂ ಒಡೆದೇ ಇತ್ತು. ಬಟ್ಟೆ ಜೋಡಿಸಲು ಹೋಗಲಿಲ್ಲ. ಹಿರಿಯರನ್ನು ಒಂದೇ ಒಂದು ಮಾತು ಕೇಳಿದಳು:

"ಒಳಗೆ ಕೂಡ್ಹಾಕಿದ್ದು ನಮ್ಮಪ್ಪನ್ನಾ?"