ಒರಗಿ ಹಾಕಿದ ಜಿಪ್ಪು

ಕೌಂಟರಿನ ಮೇಲಿಟ್ಟ ಬ್ಯಾಗನ್ನು ಮುಟ್ಟುವ ಮೊದಲೇ ಜಿಪ್ಪಣ್ಣ ತೀರ್ಪು ಕೊಟ್ಟ.

“ಇಸ್ತ್ರಿಪೆಟ್ಟಿಗೆ ತುರುಕಿದ್ರಿ.”

“ಇಲ್ಲಪ್ಪಾ, ಬರೀ ಬಟ್ಟೆ,” ಎಂದ ಗಿರಾಕಿ.

“ಬಟ್ಟೆಗೆ ಮೂಲೆ ಇರಲ್ಲ ಸ್ವಾಮಿ. ಈ ಜಿಪ್ಪು ಮೂಲೇಲಿ ಬಾಯಿ ಬಿಟ್ಟಿದೆ.”

ಗಿರಾಕಿ ಒಪ್ಪಿಕೊಂಡ. ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಬ್ಯಾಗುಗಳ ಜಿಪ್ಪು ಸರಿಮಾಡುತ್ತಿರುವ ಮನುಷ್ಯನ ಹತ್ತಿರ ಸುಳ್ಳು ನಡೆಯುವುದಿಲ್ಲ. ಹೆತ್ತವರಿಟ್ಟ ಹೆಸರು ಅವನಿಗೇ ಮರೆತುಹೋಗುವಷ್ಟು ಆ ಅಡ್ಡಹೆಸರು ಅಂಟಿಕೊಂಡಿದೆ. ರಿಪೇರಿಯ ಜೊತೆ ಉಪದೇಶ ಪುಕ್ಕಟೆ: “ಕೂತು ಹಾಕಿದ ಜಿಪ್ಪು ನಿಂತಾಗ ಬಿಚ್ಚತ್ತೆ. ಅರ್ಧ ಬ್ಯಾಗು ತುಂಬಿಸಿ, ಅದರಲ್ಲೂ ಅರ್ಧ ತೆಗೆದಿಡಿ.”

ಇಷ್ಟು ಹೇಳುವ ಜಿಪ್ಪಣ್ಣ ಸ್ವತಃ ಊರು ಬಿಟ್ಟು ಹೊರಗೆ ಹೋಗದೆ ಒಂಬತ್ತು ವರ್ಷವಾಗಿತ್ತು. ಪ್ರತಿವರ್ಷ ಅಕ್ಕನಿಗೆ ಬರುತ್ತೇನೆ ಅನ್ನುವುದು, ಅಂಗಡಿಯ ನೆಪ ಹೇಳಿ ಉಳಿದುಬಿಡುವುದು. ಈ ಸಲ ಅಕ್ಕ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: “ಶನಿವಾರದ ಬಸ್ಸಿಗೆ ಬಂದ್ಯೋ, ನನಗೊಬ್ಬ ತಮ್ಮ ಇದಾನೆ. ಇಲ್ಲ ಅಂದ್ರೆ ಇಲ್ಲ. ಏನೂ ತರಬೇಡ, ಕೈ ಬೀಸಿಕೊಂಡು ಬಾ.” ಅಕ್ಕನ ಊರಿಗೆ ದಿನಕ್ಕೆ ಒಂದೇ ಬಸ್ಸು, ಬೆಳಿಗ್ಗೆ ಒಂಬತ್ತೂವರೆಗೆ.

ಶನಿವಾರ ಏಳು ಗಂಟೆಗೆ ಒಂದು ವಿಷಯ ಗೊತ್ತಾಯಿತು: ಮನೆಯಲ್ಲಿ ಒಂದೂ ಬ್ಯಾಗಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಜಿಪ್ಪಣ್ಣ ಅಂಗಡಿಗೆ ಓಡಿ, ರಿಪೇರಿಯಾಗಿ ಮೂರು ವರ್ಷ ಕಳೆದರೂ ಯಾರೂ ಒಯ್ಯದಿದ್ದ ಕಂದು ಬ್ಯಾಗೊಂದನ್ನು ಹಲಗೆಯಿಂದ ಇಳಿಸಿ ತಂದ. ಅದರ ಹಿಡಿಗೆ ಯಾರೋ ಹಸಿರು ದಾರದ ಹೊಲಿಗೆ ಹಾಕಿದ್ದರು.

ಐದು ಶರ್ಟು, ಎರಡು ಸ್ವೆಟರು, ಟವೆಲು, ಬ್ರಷ್ಷು, ಛತ್ರಿ, ಅಲಾರಂ ಗಡಿಯಾರ, ತನ್ನದೇ ದಿಂಬು. ಅವುಗಳ ಮೇಲೆ ಇಕ್ಕಳ, ಕತ್ತರಿ, ದಬ್ಬಣ, ಜಿಪ್ಪಿನ ಒಂದು ಸುರುಳಿ.

“ನಾಲ್ಕು ದಿನಕ್ಕೆ ಹೋಗ್ತಿದೀರೋ, ಬಿಡಾರ ಎತ್ತುತ್ತಿದೀರೋ?” ಎಂದಳು ಬಾಗಿಲಲ್ಲಿ ನಿಂತ ಹೆಂಡತಿ. ಆಮೇಲೆ ಅವನ ಭಂಗಿ ಕಂಡು, “ರೀ, ಬ್ಯಾಗಿನ ಮೇಲೆ ಕೂತಿದೀರಾ?”

“ಕೂತಿಲ್ಲ ಕಣೇ. ಒರಗಿದೀನಿ.”

ಜಿಪ್ಪು ಮುಚ್ಚಿಕೊಂಡಿತು.

ಬಸ್ ನಿಲ್ದಾಣದಲ್ಲಿ ಗಂಡಹೆಂಡಿರು ಆ ಬ್ಯಾಗನ್ನು ಆಳಿಗೊಂದು ಕಡೆ ಹಿಡಿದು ಸಾಲಿಗೆ ತಂದಿಟ್ಟರು. ಕಂಡಕ್ಟರು ಆಗಲೇ ಕೂಗುತ್ತಿದ್ದ. ಹಿಂದಿನಿಂದ ಒಂದು ದನಿ ಕೇಳಿಸಿತು.

“ಆ ಹಸಿರು ಹೊಲಿಗೆ ನಂದು.”

ತಿರುಗಿದರೆ ನಿವೃತ್ತ ಟೀಚರಮ್ಮ, ಕೈಯಲ್ಲೊಂದು ತೆಳ್ಳನೆಯ ಬಟ್ಟೆ ಚೀಲ. ಅವರೂ ಅದೇ ಬಸ್ಸಿಗೆ ಹೊರಟವರು.

“ಮಂಡಿ ಆಪರೇಷನ್ನು, ಮಗಳ ಬಾಣಂತನ ಅಂತ ನಾನು ಮರೆತೆ. ನೀನೂ ಮರೆತ್ಯೇನಪ್ಪಾ?”

“ಇಲ್ಲ ಟೀಚರಮ್ಮ, ನಿಮಗೇ ತಲುಪಿಸೋಣ ಅಂತ...”

“ತುಂಬಿಸಿಕೊಂಡು?”

ಸಾಲಿನಲ್ಲಿದ್ದವರು ನಕ್ಕರು. ಇಂಗು ತಿಂದ ಮಂಗನಂತಾದ ಜಿಪ್ಪಣ್ಣ ಬೆಂಚಿನ ಮೇಲೆ ಬ್ಯಾಗು ಖಾಲಿ ಮಾಡತೊಡಗಿದ. ದಿಂಬು ಹೊರಬಂದಾಗ ನಗು ಜೋರಾಯಿತು. ಗಡಿಯಾರ ಬಂದಾಗ, ಅವನ ದುರದೃಷ್ಟಕ್ಕೆ, ಹಿಂದಿನ ದಿನದ ಇಸ್ತ್ರಿಪೆಟ್ಟಿಗೆ ಗಿರಾಕಿಯೂ ಸಾಲಿನಲ್ಲಿದ್ದ.

“ಬಟ್ಟೆಗೆ ಮೂಲೆ ಇರಲ್ಲ ಸ್ವಾಮಿ,” ಎಂದ ಆತ.

“ಜಿಪ್ಪು ಮಾತ್ರ ಗಟ್ಟಿಯಾಗಿ ಹಾಕಿದೀಯ,” ಎಂದರು ಟೀಚರಮ್ಮ, ಎಳೆದು ನೋಡಿ. ತಮ್ಮ ಎರಡು ಜೊತೆ ಬಟ್ಟೆಯನ್ನು ಕಂದು ಬ್ಯಾಗಿಗೆ ಹಾಕಿಕೊಂಡರು. ಅವು ಅದರೊಳಗೆ ಅತ್ತಿಂದಿತ್ತ ಉರುಳಾಡುತ್ತಿದ್ದವು. ಖಾಲಿಯಾದ ಬಟ್ಟೆ ಚೀಲವನ್ನು ಜಿಪ್ಪಣ್ಣನ ಕೈಗಿತ್ತರು. “ಇದು ನಿನಗಿರಲಿ.”

“ಬರೋರು ಬನ್ರೀ! ಸಂತೆ ಆಮೇಲೆ ಮಾಡಿ!” ಕಂಡಕ್ಟರು ಸೀಟಿ ಊದಿದ.

ಒಂದು ಶರ್ಟು, ಟವೆಲು, ಹಲ್ಲುಜ್ಜುವ ಬ್ರಷ್ಷು. ಅಲ್ಲಿಗೆ ಚೀಲ ಮುಕ್ಕಾಲು ತುಂಬಿತು. ಜಿಪ್ಪಣ್ಣನ ಕೈ ಇಕ್ಕಳದ ಕಡೆ ಹೋಯಿತು. ಅಷ್ಟರಲ್ಲಿ ಹೆಂಡತಿ ಅದನ್ನು ಎತ್ತಿಕೊಂಡಾಗಿತ್ತು.

“ಅಕ್ಕ ಕರೆದಿರೋದು ತಮ್ಮನ್ನ, ಅಂಗಡೀನಲ್ಲ. ಹತ್ತಿ.”

ಬಸ್ಸು ಚಲಿಸುತ್ತಿರುವಾಗಲೇ ಅವನು ಹತ್ತಿದ. ಕಿಟಕಿಯಿಂದ ನೋಡಿದರೆ ಹೆಂಡತಿ ಕಂಕುಳಲ್ಲಿ ದಿಂಬು ಅವುಚಿಕೊಂಡು, ಇಕ್ಕಳ ಹಿಡಿದ ಕೈಯನ್ನೇ ಬೀಸುತ್ತಿದ್ದಳು.

ಸಂಜೆ ಅಕ್ಕ ಬಾಗಿಲಲ್ಲೇ ಕಾದಿದ್ದಳು. ತಮ್ಮನ ಕೈಯಲ್ಲಿದ್ದ ಪುಟ್ಟ ಚೀಲ ನೋಡಿ ಕಣ್ಣು ತುಂಬಿಕೊಂಡಳು, ಹೇಳಿದ ಹಾಗೆ ಬಂದನಲ್ಲ ಎಂದು. ಆಮೇಲೆ ಒಳಗೆ ಕರೆದೊಯ್ದು, ಅಟ್ಟದಿಂದ ಇಳಿಸಿ ಸಾಲಾಗಿ ಇಟ್ಟಿದ್ದ ನಾಲ್ಕು ಬ್ಯಾಗುಗಳನ್ನು ತೋರಿಸಿದಳು. ನಾಲ್ಕರ ಜಿಪ್ಪೂ ಕಿತ್ತುಹೋಗಿತ್ತು.

“ಇಕ್ಕಳ ಎಲ್ಲೋ?”

“ನೀನೇ ಅಲ್ವೇನಕ್ಕಾ ಕೈ ಬೀಸಿಕೊಂಡು ಬಾ ಅಂದಿದ್ದು?”

“ಕೈ ಬೀಸು ಅಂದೆ. ಇಕ್ಕಳ ಬಿಟ್ಟು ಬಾ ಅಂದ್ನಾ?”

ಮರುದಿನ ಬೆಳಿಗ್ಗೆ ಜಿಪ್ಪಣ್ಣ ಭಾವನ ಶರ್ಟು ತೊಟ್ಟು, ಬೀದಿ ಕೊನೆಯ ಸೈಕಲ್ ರಿಪೇರಿಯವನ ಹತ್ತಿರ ನಾಲ್ಕು ದಿನದ ಮಟ್ಟಿಗೆ ಒಂದು ಇಕ್ಕಳ ಕೇಳಲು ಹೋದ.